ಅನಾಥಾಲಯದ ದೆವ್ವವನ್ನು ಯಾವ ಹೆಸರಿನಿಂದ ಕರೆಯುವುದು?

ಪ್ರಶ್ನೆ: ನನ್ನ ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ದೆವ್ವದ ಕಥೆ. ಆಗುಂಬೆ ಘಾಟಿಯ ಹತ್ತಿರ ಕಾಡಿನೊಳಗೆ ಒಂದು ಅನಾಥಾಲಯ, ಕಾಲ 1974ರ ಮಳೆಗಾಲ. 46 ಮಕ್ಕಳು, ಒಬ್ಬ ಕ್ರೂರ ವಾರ್ಡನ್, ಬೆಂಗಳೂರಿನಿಂದ ಹೊಸದಾಗಿ ಬಂದ ಟೀಚರು, ಹಾಳುಬಾವಿ, ಬಿಳಿ ಫ್ರಾಕ್ ಹಾಕಿಕೊಂಡು ರಾತ್ರಿ ಓಡಾಡುವ ರೋಸಿ ಎಂಬ ಸತ್ತ ಹುಡುಗಿ. ಓದಿದ ಗೆಳೆಯರು "ಡಬ್ಬಿಂಗ್ ಸಿನಿಮಾ ನೋಡಿದ ಹಾಗಾಯ್ತು, ಹೆದರಿಕೆ ಆಗಲಿಲ್ಲ" ಅಂದರು. ಎಲ್ಲಿ ತಪ್ಪಿದ್ದೇನೆ? ಮೊದಲ ಮೂರು ಅಧ್ಯಾಯ ಲಗತ್ತಿಸಿದ್ದೇನೆ.

ಉತ್ತರ: ಮೂರೂ ಅಧ್ಯಾಯ ಎರಡೆರಡು ಸಲ ಓದಿದೆ. ನಿಮಗೆ ಬರೆಯಲು ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಮಳೆ ಹಿಡಿದ ಸಂಜೆ ಮಕ್ಕಳೆಲ್ಲ ಒಲೆಯ ಸುತ್ತ ಕೂತು ಹಲಸಿನ ಬೀಜ ಸುಡುವ ಪುಟವನ್ನು ಒಂದಕ್ಷರ ಬದಲಿಸದೆ ಹಾಗೇ ಉಳಿಸಿಕೊಳ್ಳಿ. ತೊಂದರೆ ಇರುವುದು ರೋಸಿಯಲ್ಲಿ. ಅವಳು ಮಹಡಿ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ, ಕೂದಲು ಮುಖಕ್ಕೆ ಬಿಟ್ಟುಕೊಳ್ಳುತ್ತಾಳೆ, ಗೋಡೆಯ ಮೇಲೆ ಕೈಗುರುತು ಬಿಡುತ್ತಾಳೆ. ಆದರೆ ಅವಳಿಗೆ ಏನು ಬೇಕು ಅನ್ನುವುದು ಮೂರು ಅಧ್ಯಾಯ ಮುಗಿದರೂ ಗೊತ್ತಾಗುವುದಿಲ್ಲ. ಏನೂ ಬೇಡದ ದೆವ್ವಕ್ಕೆ ಕನ್ನಡದ ಓದುಗ ಹೆದರುವುದಿಲ್ಲ.

ನಮ್ಮ ಕಡೆ ದೆವ್ವ ಅಂದರೆ ಬಾಕಿ ಉಳಿದ ಲೆಕ್ಕ. ಯಾರಿಗೋ ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಅಂದ ಕೂಡಲೇ ಮನೆಯವರು ಮೊದಲು ಕೇಳುವುದು ಮೂರೇ ಪ್ರಶ್ನೆ. ಯಾರು ನೀನು? ಯಾರ ಮನೆಯವಳು? ಏನು ಬೇಕು? ಬೇವಿನ ಸೊಪ್ಪು, ನಿಂಬೆಹಣ್ಣು, ಹೊಗೆ ಇವೆಲ್ಲ ಈ ಮೂರು ಪ್ರಶ್ನೆಗೆ ಬಾಯಿ ಬಿಡಿಸುವುದಕ್ಕೆ ಇರುವ ಸಾಧನಗಳು. ಉತ್ತರ ಬಂತೆಂದರೆ ಅರ್ಧ ಕೆಲಸ ಮುಗಿದ ಹಾಗೆ. "ನಾನು ನಿನ್ನ ದೊಡ್ಡಪ್ಪನ ಮಗಳು, ಬಾವಿಗೆ ಬಿದ್ದು ಹೋದವಳು, ಹಸಿರು ಸೀರೆ ಉಡಿಸಲಿಲ್ಲ" ಅಂದರೆ ಸೀರೆ ತಂದು ಇಡುತ್ತಾರೆ. ಗೋಕರ್ಣಕ್ಕೆ ಹೋಗಿ ನಾರಾಯಣಬಲಿ ಮಾಡಿಸಿಕೊಂಡು ಬರುತ್ತಾರೆ. ನಮ್ಮ ದೆವ್ವಗಳು ದಾರಿಹೋಕರನ್ನು ಕಾಡುವುದಕ್ಕಿಂತ ಹೆಚ್ಚಾಗಿ ನೆಂಟರನ್ನು ಕಾಡುತ್ತವೆ, ನೆಂಟಸ್ತಿಕೆಯ ಹಕ್ಕಿನಿಂದಲೇ ಕಾಡುತ್ತವೆ.

ಈಗ ನಿಮ್ಮ ಕಥೆಯ ಹುಡುಗಿಯನ್ನು ಈ ಮೂರು ಪ್ರಶ್ನೆಗಳ ಎದುರು ಕೂರಿಸಿ. ಅವಳನ್ನು ಎರಡು ವರ್ಷದವಳಿದ್ದಾಗ ಯಾರೋ ಬಸ್ ನಿಲ್ದಾಣದಿಂದ ತಂದು ಬಿಟ್ಟರು ಅಂತ ನೀವೇ ಬರೆದಿದ್ದೀರಿ. ಯಾರು ನೀನು? ಗೊತ್ತಿಲ್ಲ. ಯಾರ ಮನೆಯವಳು? ಗೊತ್ತಿಲ್ಲ. ಏನು ಬೇಕು ಅನ್ನುವುದಾದರೂ ಗೊತ್ತಿರಬಹುದು, ಆದರೆ ಅದನ್ನು ಯಾರ ಹತ್ತಿರ ಕೇಳಬೇಕು? ಕಾಡುವುದಕ್ಕೆ ಅವಳಿಗೊಂದು ಮನೆಯೇ ಇಲ್ಲ. ನನಗೆ ರೋಮ ನಿಮಿರಿದ್ದು ಇದನ್ನು ಯೋಚಿಸಿದಾಗ. ನಿಮ್ಮ ಕಾದಂಬರಿಯ ಭಯ ಇಲ್ಲಿಂದ ಹುಟ್ಟಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮಂತ್ರವಾದಿ ಸೊಪ್ಪು ಬೀಸಿ ಬೀಸಿ ಹೆಸರು ಕೇಳುತ್ತಾನೆ. ಮೈಮೇಲೆ ಬಂದಿರುವ ಮಗು ತುಂಬ ವಿಧೇಯತೆಯಿಂದ "ಮೂವತ್ತೊಂದು" ಅನ್ನುತ್ತದೆ. ಅದು ಅವಳ ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರು. ಮಂತ್ರವಾದಿಯ ಕಲಿಕೆಯಲ್ಲಿ ಇದಕ್ಕೆ ಮುಂದಿನ ಹೆಜ್ಜೆ ಇಲ್ಲ.

ಇದು ಎಷ್ಟು ಆಳದ ಸಂಗತಿ ಅನ್ನುವುದಕ್ಕೆ ನಿಮ್ಮ ಘಾಟಿಯ ಕೆಳಗೇ, ತುಳುನಾಡಿನಲ್ಲಿ ಒಂದು ಆಚರಣೆ ಇದೆ. ಎಳವೆಯಲ್ಲಿ ತೀರಿಹೋದ ಮಗು ಆ ಲೋಕದಲ್ಲಿ ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ, ಮದುವೆ ಆಗದೆ ಉಳಿದರೆ ಈ ಮನೆಯ ಶುಭಕಾರ್ಯಗಳಿಗೆ ಅಡ್ಡ ಬರುತ್ತದೆ ಅನ್ನುವ ನಂಬಿಕೆ. ಅದಕ್ಕೇ ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಎರಡೂ ಕಡೆಯವರು ಕೂತು ಮಾತಾಡಿ, ಸಾಮಾನ್ಯವಾಗಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳ ಮದುವೆ ಮಾಡಿಸುತ್ತಾರೆ. ಕುಲೆ ಅಂದರೆ ಸತ್ತವರ ಜೀವ. ಮಕ್ಕಳು, ಮದುವೆಯಾಗದವರು ನೋಡಬಾರದು ಅನ್ನುವ ಕಟ್ಟು ಇರುವುದರಿಂದ ಚಿಕ್ಕವನಿದ್ದಾಗ ಅಜ್ಜಿಮನೆಯ ನೆರೆಯಲ್ಲಿ ನಡೆದದ್ದನ್ನು ನಾನು ಜಗಲಿಯಾಚೆಯಿಂದ ಕೇಳಿಸಿಕೊಂಡದ್ದಷ್ಟೇ. ಮದುವೆಯಾದ ಮೇಲೆ ಒಮ್ಮೆ ಒಳಗೆ ಕೂತು ನೋಡಿದೆ. ಎರಡು ಮಣೆ. ಒಂದರ ಮೇಲೆ ಮಡಿಸಿಟ್ಟ ಸೀರೆ, ಬಳೆ, ಕರಿಮಣಿ, ಹೂವು. ಇನ್ನೊಂದರ ಮೇಲೆ ಪಂಚೆ, ಶಲ್ಯ. ಮನೆಯ ಹಿರಿಯ ಹೆಂಗಸು ಸೀರೆಯ ಮಡಿಕೆ ಸರಿಮಾಡುತ್ತ, ನಾಚುತ್ತಿರುವ ಹುಡುಗಿಗೆ ಹೇಳುವ ದನಿಯಲ್ಲಿ "ತಲೆ ಎತ್ತು ಮಗಾ" ಅಂದರು. ಎದುರಿಗೆ ಮಣೆಯ ಹೊರತು ಏನೂ ಇರಲಿಲ್ಲ. ನನಗೆ ಆಗ ಹೆದರಿಕೆ ಆಗಲಿಲ್ಲ, ಗಂಟಲು ಕಟ್ಟಿತು. ಹೆದರಿಕೆ ಆದದ್ದು ರಾತ್ರಿ ಮಲಗಿದ ಮೇಲೆ.

2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ, 30 ವರ್ಷದ ಹಿಂದೆ ತೀರಿಹೋದ ಹೆಣ್ಣುಮಗುವಿಗೆ ಅದೇ ಹೊತ್ತಿಗೆ ತೀರಿಹೋದ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ನಿಮಗೂ ನೆನಪಿರಬಹುದು. ತುಂಬ ಜನ ಅದನ್ನು ವಿಚಿತ್ರ ಸುದ್ದಿಯಾಗಿ ಓದಿದರು. ನಾನು ಅದರಲ್ಲಿ ಗಮನಿಸಿದ್ದು ಬೇರೆ: ಜಾತಿ ನಮೂದಾಗಿತ್ತು, ಬರಿ ನಮೂದಾಗಿತ್ತು. ಬರಿ ಅಂದರೆ ತುಳುವರಲ್ಲಿ ಗೋತ್ರದ ಹಾಗೆ ಇರುವ ಕುಲ. ಸತ್ತ ಮೇಲೂ ಬರಿ ಕೂಡಿಬರಬೇಕು. ತನ್ನ ಬರಿ ಯಾವುದೆಂದು ಗೊತ್ತಿಲ್ಲದ ಹುಡುಗಿಗೆ ಆ ಲೋಕದಲ್ಲೂ ಸಂಬಂಧ ಕೇಳಿಕೊಂಡು ಯಾರೂ ಬರುವುದಿಲ್ಲ. ಪುರೋಹಿತರು ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಿ ಸಂಕಲ್ಪ ಮುಗಿಸುವ ಪದ್ಧತಿ ಇದೆಯಲ್ಲ, ಅದನ್ನು ಒಂದು ದೃಶ್ಯದಲ್ಲಿ ತನ್ನಿ. ಎಲ್ಲರಿಗೂ ಹೊಂದುವ ಆ ಗೋತ್ರವನ್ನು ಅವಳು ಒಪ್ಪಿಕೊಳ್ಳುತ್ತಾಳೋ ಇಲ್ಲವೋ ಅನ್ನುವುದು ನಿಮ್ಮ ಕೈಯಲ್ಲಿದೆ. ನನ್ನನ್ನು ಕೇಳಿದರೆ ಒಪ್ಪಬಾರದು.

ಇನ್ನು ಅನಾಥಾಲಯದ ಒಳಗನ್ನು ನೋಡೋಣ. ಹಾಳುಬಾವಿ, ಬೀಗ ಹಾಕಿದ ಕೋಣೆ, ಗೋಡೆಯ ಮೇಲಿನ ಶಿಲುಬೆ ಇವೆಲ್ಲ ನೀವು ಎಲ್ಲಿಂದಲೋ ತಂದು ಜೋಡಿಸಿದ ಸಾಮಾನು. ಕರ್ನಾಟಕದ ಯಾವ ಅನಾಥಾಲಯದಲ್ಲಾದರೂ ಒಂದು ದಿನ ಊಟದ ಹೊತ್ತಿಗೆ ಕೂತಿದ್ದು ಬನ್ನಿ, ಇದಕ್ಕಿಂತ ದೊಡ್ಡದು ತಟ್ಟೆಯಲ್ಲೇ ಸಿಗುತ್ತದೆ. ನಾನು ಹೇಳುವುದು ನಿಜವಾಗಿ ತಟ್ಟೆಯನ್ನೇ. ದಾನಿಗಳು ಕೊಟ್ಟ ಸ್ಟೀಲು ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಅಕ್ಷರ ಇರುತ್ತದೆ: ದಿವಂಗತ ಇಂಥವರ ಸ್ಮರಣಾರ್ಥ. ಆಗತಾನೇ ಅಕ್ಷರ ಕಲಿತ ಮಗು ಕೂಡಿಸಿ ಕೂಡಿಸಿ ಓದುವ ಮೊದಲ ಹೆಸರು ಒಬ್ಬ ಸತ್ತವರದ್ದು. ಗೋಡೆಗಡಿಯಾರದ ಮೇಲೆ ಇನ್ನೊಬ್ಬರು, ಬೆಂಚಿನ ಬೆನ್ನಿಗೆ ಮತ್ತೊಬ್ಬರು.

ಹಾಗೇ ಸ್ಮರಣಾರ್ಥದ ಊಟ. ಯಾರದೋ ತಂದೆಯ, ಯಾರದೋ ತಾಯಿಯ ತಿಥಿಯ ದಿನ ಮಕ್ಕಳಿಗೆ ವಡೆ ಪಾಯಸ. ನಮ್ಮಪ್ಪ ತೀರಿಕೊಂಡ ವರ್ಷ ನಾನೂ ಹೋಗಿ ಬಡಿಸಿದ್ದೆ. ಏಳೆಂಟು ವರ್ಷದ ಹುಡುಗ ಒಬ್ಬ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತ, ಬಹಳ ಸಹಜವಾಗಿ "ಅಂಕಲ್, ಇವತ್ತು ಯಾರು ಸತ್ತಿದ್ದು?" ಅಂತ ಕೇಳಿದ. ಅವನಲ್ಲಿ ಒರಟುತನ ಇರಲಿಲ್ಲ. ಸಿಹಿ ಬಂದ ದಿನ ಎಲ್ಲೋ ಯಾರೋ ಸತ್ತಿರುತ್ತಾರೆ ಅನ್ನುವುದು ಅವನ ಪಂಚಾಂಗ. ಊರಿನವರ ಸತ್ತವರಿಗೆಲ್ಲ ಇವರು ಉಂಡು ತೃಪ್ತಿ ಕೊಡುತ್ತಾರೆ. ಇವರ ಸತ್ತವರು ಯಾರು, ಯಾವ ತಿಥಿ, ಒಬ್ಬರಿಗೂ ತಿಳಿಯದು. ಆ ಮಾತು ನನ್ನೊಳಗೆ ಇಳಿದು ಇಷ್ಟು ವರ್ಷವಾದರೂ ಹೊರಬಂದಿಲ್ಲ. ನಿಮಗೆ ಕೊಡುತ್ತಿದ್ದೇನೆ, ಕಾದಂಬರಿಯಲ್ಲಿ ಬಳಸಿಕೊಳ್ಳಿ. ನಿಮ್ಮ ಸತ್ತ ಹುಡುಗಿಗೆ ಏನು ಬೇಕು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ. ನೂರಾರು ಅಪರಿಚಿತರ ತಿಥಿ ಉಂಡವಳು ಅವಳು. ಅವಳ ತಿಥಿಯನ್ನು ಯಾರೂ ಬರೆದಿಡಲಿಲ್ಲ.

ಅದಕ್ಕೇ ಕಥೆಯನ್ನು ಟೀಚರ ಕಣ್ಣಿನಿಂದ ತೆಗೆದು ಅಡುಗೆಯಾಕೆಯ ಕಣ್ಣಿಗೆ ಕೊಡಿ ಅನ್ನುತ್ತೇನೆ. ಬೆಂಗಳೂರಿನಿಂದ ಬಂದ ಟೀಚರಿಗೆ ಎಲ್ಲವೂ ವಿಚಿತ್ರವೇ, ಹಾಗಾಗಿ ಯಾವುದೂ ವಿಚಿತ್ರವಲ್ಲ. ಅಡುಗೆಯಾಕೆಗೆ ಆ ಮನೆಯ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ತಲೆಗಿಷ್ಟು ಪಾವು ಅಂತ ಅಕ್ಕಿ ಅಳೆಯುವವಳು ಅವಳು. 46 ಮಕ್ಕಳಿಗೆ ಅಳೆದು ಹಾಕುತ್ತಾಳೆ, ಕೊನೆಯ ಪಂಕ್ತಿಗೆ ಬರುವಾಗ ಒಬ್ಬರ ಅನ್ನ ಕಡಿಮೆ. ಮಾರನೆಯ ದಿನ ಎದುರಿಗೇ ಎಣಿಸುತ್ತಾಳೆ, ಮಕ್ಕಳು 46. ತೊಳೆಯಲು ಬಂದ ತಟ್ಟೆ 47. ಹೆಚ್ಚಿನ ತಟ್ಟೆ ಬೇರೆ ತಟ್ಟೆಗಳ ಹಾಗೇ ಎಂಜಲಾಗಿದೆ, ಅಂಚಿನಲ್ಲಿ ಕರಿಬೇವಿನೆಲೆ, ಮೆಣಸಿನಕಾಯಿ ಆಯ್ದಿಟ್ಟಿದೆ, ಚಿಕ್ಕ ಮಕ್ಕಳು ಆಯ್ದಿಡುವ ಹಾಗೆ. ಈ ಆಯ್ದಿಟ್ಟ ಮೆಣಸಿನಕಾಯಿ ನಿಮ್ಮ ಗೋಡೆಯ ಮೇಲಿನ ಹತ್ತು ರಕ್ತದ ಕೈಗುರುತಿಗಿಂತ ಹೆಚ್ಚು ಹೆದರಿಸುತ್ತದೆ. ಮೊದಲ ನೂರು ಪುಟ ಹುಡುಗಿ ಕಣ್ಣಿಗೇ ಬೀಳದಿರಲಿ.

ಮಳೆಗಾಲದ ಒಂಟಿತನವನ್ನು ಚೆನ್ನಾಗಿ ಹಿಡಿದಿದ್ದೀರಿ, ಇನ್ನೂ ಹಿಂಡಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಳ್ಳ ಏರಿ ಕಾಲುಸಂಕ ಕೊಚ್ಚಿಕೊಂಡು ಹೋದರೆ ಆಚೆ ದಡದಿಂದ ಸೀಮೆಎಣ್ಣೆಯೂ ಬರುವುದಿಲ್ಲ, ಡಾಕ್ಟರೂ ಬರುವುದಿಲ್ಲ. ಅಷ್ಟು ಮಕ್ಕಳ ಒದ್ದೆ ಬಟ್ಟೆ, ರಾತ್ರಿ ಒದ್ದೆಯಾದ ಚಾಪೆ, ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಬೇಕು. ಆ ಹೊಗೆಯ ಮತ್ತು ಮೂತ್ರದ ವಾಸನೆ ಇಡೀ ಮನೆ ತುಂಬಿರುತ್ತದೆ. ನಿಮ್ಮ ಪುಟಗಳಲ್ಲಿ ವಾಸನೆಯೇ ಇಲ್ಲ. ಶಬ್ದವೂ ಅಷ್ಟೇ. ಹಂಚಿನ ಮೇಲೆ ಸುರಿಯುವ ಮಳೆಯಲ್ಲಿ ಪಕ್ಕದವರು ಕೂಗಿದ್ದೂ ಕೇಳಿಸುವುದಿಲ್ಲ, ಹಾಗಾಗಿ ರಾತ್ರಿ ಕಿರುಚಾಟ, ಬಾಗಿಲ ಕಿರಗುಟ್ಟುವಿಕೆ ನಂಬಲಾಗದ್ದು. ಮಲೆನಾಡಿನವರಿಗೆ ಎಚ್ಚರವಾಗುವುದು ಮಳೆ ಥಟ್ಟನೆ ನಿಂತಾಗ. ಆ ಒಂದು ಗಳಿಗೆಯಲ್ಲಿ, ಅಷ್ಟು ಹೊತ್ತೂ ಮಳೆಯ ಕೆಳಗೆ ನಡೆಯುತ್ತಲೇ ಇದ್ದ ಒಂದು ಶಬ್ದ ಕೇಳಿಸಲಿ. ಯಾರೋ ಒಬ್ಬರು ಮಗ್ಗಿ ಹೇಳುತ್ತಿರುವುದು, ಸಾಕು.

ಕಾಲ 1974 ಇಟ್ಟದ್ದು ಸರಿ. ಈಗಿನ ಕಾಲಕ್ಕೆ ತಂದರೆ ಕಥೆ ನಿಲ್ಲುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳ ನೋಂದಣಿ ಕಡ್ಡಾಯ, ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಲೆಕ್ಕಕ್ಕೆ ಸಿಗದ ಮಗು ಅಲ್ಲಿ ಇರುವುದು ಕಷ್ಟ.

ಕಟ್ಟಡ ಹಳೆಯದು ಅಂದಿದ್ದೀರಿ, ಎಷ್ಟು ಹಳೆಯದು ಅಂತ ಹೇಳಿಲ್ಲ. ನನ್ನ ಸಲಹೆ ಒಂದಿದೆ. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದ್ದು, ನಮ್ಮ ನಾಡು ಕಂಡ ಅತಿ ಘೋರ ಕ್ಷಾಮ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಇತ್ತು. ತಂದೆ ತಾಯಿ ದಾರಿಯಲ್ಲೇ ಬಿದ್ದು ಹೋಗಿ ಉಳಿದ ಮಕ್ಕಳನ್ನು ಸರ್ಕಾರ, ಮಿಷನ್ನುಗಳು ಎತ್ತಿಕೊಂಡು ಬಂದು ಸಾಕಿದವು. ಬಯಲುಸೀಮೆಯಿಂದ ಹಾಗೆ ಬಂದ ಮಕ್ಕಳಿಗೆ ಕಟ್ಟಿದ ಮನೆ ಇದು ಅಂತಿಟ್ಟುಕೊಳ್ಳಿ. ಆಗ ಮೊದಲ ಗುಂಪಿನ ದೆವ್ವಕ್ಕೆ ಬೇಕಿರುವುದು ರಕ್ತವಲ್ಲ, ಅನ್ನ. ಒಂದು ಪಾವಿನ ಲೆಕ್ಕಕ್ಕೂ ಇದಕ್ಕೂ ತಾನಾಗಿ ನಂಟು ಬೀಳುತ್ತದೆ. ಹಂಚು ಬೇರೆ ಇದೆ: ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮಾಡಿನ ಒಂದು ಹಂಚು ಜಾರಿ ಬಿದ್ದಾಗ ಅದರ ಒಳಮೈಯಲ್ಲಿ, ಹಸಿ ಇದ್ದಾಗ ಒತ್ತಿದ ಮಗುವಿನ ಬೆರಳ ಗುರುತು ಕಂಡರೆ? ಹಂಚು ಬೆಂದಿದೆ, ಬೆರಳು ಹಾಗೇ ಉಳಿದಿದೆ.

ಹೆಸರಿನ ಮಾತಿಗೆ ಮರಳುತ್ತೇನೆ, ಯಾಕೆಂದರೆ ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಬೀದಿಪಾಲಾದ ಕೂಸುಗಳನ್ನು ಕಂಡು ಕರುಳು ಕಿವುಚಿ, 17 ವರ್ಷ ಓಡಾಡಿ, 1739ರಲ್ಲಿ ರಾಜನ ಸನ್ನದು ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯ ಸ್ಥಾಪಿಸಿದ. 1741ರಲ್ಲಿ ಮೊದಲ ಮಕ್ಕಳು ಬಂದರು. ಬಂದವರಷ್ಟು ಮಂದಿಗೆ ಜಾಗವಿಲ್ಲದೆ ಮರುವರ್ಷದಿಂದ ತಾಯಂದಿರ ಕೈಯಲ್ಲಿ ಚೀಲದೊಳಗಿನ ಚೆಂಡು ತೆಗೆಸುತ್ತಿದ್ದರು. ಬಿಳಿ ಚೆಂಡು ಬಂದರೆ ಮಗು ಒಳಗೆ, ಕೆಂಪು ಬಂದರೆ ಕಾಯಬೇಕು, ಕಪ್ಪು ಬಂದರೆ ಮಗುವನ್ನು ಎತ್ತಿಕೊಂಡು ವಾಪಸು. ಒಳಗೆ ಹೋದ ಮಗುವಿಗೆ ಹೊಸ ಹೆಸರು. ಮೊದಲ ದಿನದ ಮಕ್ಕಳಲ್ಲಿ ಒಬ್ಬನಿಗೆ ಥಾಮಸ್ ಕೋರಮ್ ಎಂದೇ ಹೆಸರಿಟ್ಟರು, ಒಬ್ಬಳಿಗೆ ಅವನ ಹೆಂಡತಿಯ ಹೆಸರು. ಆಮೇಲಿನ ಮಕ್ಕಳಿಗೆ ದಾನಿಗಳ ಹೆಸರು. ನಮ್ಮ ತಟ್ಟೆಯ ಅಂಚು ನೆನಪಾಯಿತೇ? ತಾಯಿ ಕೊಟ್ಟ ಹೆಸರು ಹೋಯಿತು, ಉಳಿದದ್ದು ಒಂದು ತುಂಡು ಬಟ್ಟೆ ಅಥವಾ ಒಂದು ಮುರಿದ ನಾಣ್ಯ. ಮುಂದೆಂದಾದರೂ ಬಂದು ನನ್ನ ಮಗು ಅಂತ ಹೇಳಲು ಗುರುತಿರಲಿ ಎಂದು ಬಟ್ಟೆಯ ಇನ್ನರ್ಧ ತಾಯಿಯ ಹತ್ತಿರ. ಹಾಗೆ ವಾಪಸು ಬಂದವರು ಬಹಳ ಕಡಿಮೆ. ಆ ಬಟ್ಟೆ ತುಂಡುಗಳು ಸಾವಿರಾರು ಸಂಖ್ಯೆಯಲ್ಲಿ ಇವತ್ತಿಗೂ ಲಂಡನ್ನಿನ ಕಡತಗಳಲ್ಲಿ ಇವೆ. 1756ರಿಂದ 1760ರವರೆಗೆ ಸರ್ಕಾರದ ದುಡ್ಡಿನಲ್ಲಿ ಬಾಗಿಲಿಗೆ ಬಂದ ಎಲ್ಲ ಕೂಸುಗಳನ್ನೂ ತೆಗೆದುಕೊಂಡರು. ಸುಮಾರು 15,000 ಬಂದವು, ಮೂರರಲ್ಲಿ ಎರಡು ಪಾಲು ಉಳಿಯಲಿಲ್ಲ. ಗಮನಿಸಿ, ಇಲ್ಲಿ ಖಳನಾಯಕ ಇಲ್ಲ. ಕಟ್ಟಿದವನು ಕರುಣಾಳು.

ನಿಮ್ಮ ಕ್ರೂರ ವಾರ್ಡನ್ನನ್ನು ಬಿಟ್ಟುಬಿಡಿ ಅನ್ನುವುದಕ್ಕೆ ಇದೇ ಕಾರಣ. ಅವನು ಕೊಂದ ಅಂದ ಕೂಡಲೇ ದೆವ್ವಕ್ಕೆ ಸೇಡು ಬೇಕು, ಅವನು ಸತ್ತರೆ ಕಥೆ ಮುಗಿಯಿತು, ಓದುಗ ನಿಶ್ಚಿಂತೆಯಿಂದ ದೀಪ ಆರಿಸಿ ಮಲಗುತ್ತಾನೆ. ಬದಲಿಗೆ ವಾರ್ಡನ್ ಒಳ್ಳೆಯವನಾಗಿರಲಿ, ಸುಸ್ತಾದವನಾಗಿರಲಿ. ಸಂಕ ಮುರಿದ ವಾರ ಹುಡುಗಿಗೆ ಜ್ವರ ಬಂತು, ಅವನು ತನ್ನ ಕಂಬಳಿಯನ್ನೇ ಹೊದಿಸಿದ, ಉಳಿಯಲಿಲ್ಲ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಷರಾ ಅಂತ ಕಾಲಮುಗಳಿವೆ. ಷರಾ ಕಾಲಮಿನಲ್ಲಿ ಅವನು ಏನು ಬರೆದ? ಮೇಲಿನವರಿಗೆ ಉತ್ತರ ಹೇಳಬೇಕಾದ ಭಯದಲ್ಲಿ "ಸಂಬಂಧಿಕರು ಕರೆದುಕೊಂಡು ಹೋದರು" ಅಂತ ಬರೆದಿದ್ದರೆ? ಇರದ ಸಂಬಂಧಿಕರನ್ನು ಹುಟ್ಟಿಸಿದ ಆ ಒಂದು ಸಾಲೇ ಇಡೀ ಕಾದಂಬರಿಯ ಪಾಪ. ಆ ಸಂಬಂಧಿಕರಿಗಾಗಿ ಅವಳು ಕಾಯುತ್ತಿದ್ದಾಳೆ. ಭಾನುವಾರ ಗೇಟಿನ ಹತ್ತಿರ ಉಳಿದ ಮಕ್ಕಳ ಜೊತೆ ಅವಳೂ ನಿಲ್ಲುತ್ತಾಳೆ. ಅನಾಥಾಲಯದಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿಯೇ ಇರುತ್ತಾರೆ, ಬಡತನಕ್ಕೆ ಬಿಟ್ಟುಹೋಗಿರುತ್ತಾರೆ. ಗೇಟಿನ ಹತ್ತಿರ ಕಾಯುವುದು ಅಲ್ಲಿಯ ಬದುಕಿನ ಬಹು ದೊಡ್ಡ ಭಾಗ. ಅದನ್ನು ನೀವು ಎಲ್ಲೂ ಬರೆದಿಲ್ಲ.

ಒಂದು ಎಚ್ಚರಿಕೆ. ಐರ್ಲೆಂಡಿನ ಟುವಾಮ್ ಎಂಬ ಊರಿನಲ್ಲಿ 1925ರಿಂದ 1961ರವರೆಗೆ ತಾಯಿ ಮಕ್ಕಳ ಆಶ್ರಮ ಒಂದಿತ್ತು. ಕ್ಯಾಥರೀನ್ ಕೊರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ ಅಲ್ಲಿ ಸತ್ತ ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ತೆಗೆಸಿದಳು: 796 ಹೆಸರು, ಹೂತ ದಾಖಲೆ ಇಲ್ಲ. 2017ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ನೆಲದಡಿಯ ಕಟ್ಟಡವೊಂದರಲ್ಲಿ ಎಳೆಯ ಮಕ್ಕಳ ಅವಶೇಷ ಸಿಕ್ಕಿದ್ದನ್ನು ದೃಢಪಡಿಸಿತು. ಇಂಥ ನಿಜಗಳನ್ನು ಓದಿ, ಆದರೆ ಎತ್ತಿ ತಂದು ಆಗುಂಬೆಯಲ್ಲಿ ಇಡಬೇಡಿ. ಅವು ಬದುಕಿರುವವರ ನೋವು. ಅದರಿಂದ ಕಲಿಯಬೇಕಾದದ್ದು ಆ ಹೆಂಗಸು ಮಾಡಿದ ಕೆಲಸವನ್ನು. ಅವಳು ಹೆಸರುಗಳ ಪಟ್ಟಿ ಮಾಡಿದಳು. ನಿಮ್ಮ ಕಾದಂಬರಿಯನ್ನು ನಾಳೆ ಅನಾಥಾಲಯದಲ್ಲಿ ಬೆಳೆದವರೂ ಓದುತ್ತಾರೆ ಅನ್ನುವುದನ್ನು ಪ್ರತಿ ಪುಟದಲ್ಲೂ ನೆನಪಿಡಿ. ಅವರ ಮನೆಯನ್ನು ಭಯದ ಗೂಡು ಮಾಡಿ ಕೈತೊಳೆದುಕೊಳ್ಳುವಂತಿಲ್ಲ.

ಕೊನೆಯ ಅಧ್ಯಾಯದ ನಿಮ್ಮ ಯೋಜನೆಯಲ್ಲಿ ಬಾವಿಯಿಂದ ಮೂಳೆ ತೆಗೆದು ಹೋಮ ಮಾಡಿಸುತ್ತೀರಿ. ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಸಂಕ ಮತ್ತೆ ಕಟ್ಟಿದ್ದಾರೆ, ಊರಿನ ಭಟ್ಟರು ಹೊಳೆಯಲ್ಲಿ ನಿಂತು ತರ್ಪಣ ಬಿಡುತ್ತಿದ್ದಾರೆ. ತಮ್ಮವರಿಗೆಲ್ಲ ಬಿಟ್ಟಾದ ಮೇಲೆ ಕೊನೆಗೆ "ಯೇಷಾಂ ನ ಮಾತಾ ನ ಪಿತಾ ನ ಬಂಧುಃ" ಅಂತ ಒಂದು ಶ್ಲೋಕ ಬರುತ್ತದೆ. ತಾಯಿ, ತಂದೆ, ಬಂಧು ಯಾರೂ ಇಲ್ಲದವರಿಗೂ ಈ ನೀರು ಸೇರಲಿ ಅಂತ. ಅಡುಗೆಯಾಕೆ ದಡದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳಲಿ, ಅರ್ಥ ಕೇಳಿ ತಿಳಿದುಕೊಳ್ಳಲಿ. ಹಗುರಾಗಬೇಕು ಅವಳಿಗೆ, ಆಗುವುದಿಲ್ಲ. ಎಲ್ಲರಿಗೂ ಒಟ್ಟಿಗೆ ಬಿಟ್ಟ ನೀರಿನಲ್ಲಿ ತನ್ನ ಪಾಲು ಯಾವುದೆಂದು ಆ ಮಗುವಿಗೆ ಹೇಗೆ ತಿಳಿಯಬೇಕು? ಅವತ್ತು ರಾತ್ರಿ ಮಕ್ಕಳೆಲ್ಲ ಮಲಗಿದ ಮೇಲೆ, ಊರಿನವರೆಲ್ಲ ತಮ್ಮ ಹಿರಿಯರಿಗೆ ಎಡೆ ಇಟ್ಟ ದಿನ, ಅವಳು ಒಂದು ಮಗುವಿಗೆ ಎಡೆ ಇಡುತ್ತಾಳೆ. ಮೆಣಸಿನಕಾಯಿ ಹಾಕದ ಪಲ್ಯ ಬೇರೆ ಮಾಡಿದ್ದಾಳೆ. ತಟ್ಟೆಯ ಅಂಚಿನ ಅಕ್ಷರಗಳನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ಅಳಿಸಿದ್ದಾಳೆ. ಎಡೆ ಇಟ್ಟ ಮೇಲೆ ಹೆಸರು ಹಿಡಿದು ಕರೆಯಬೇಕು, ಆಗಲೇ ಬಂದು ಉಣ್ಣುವುದು. ಅವಳು ಬಾಯಿ ತೆರೆಯುತ್ತಾಳೆ.

ಆ ಹೆಸರು ರೋಸಿ ಆಗಲಾರದು. ಅದು ಕಚೇರಿಯಲ್ಲಿ ಇಟ್ಟ ಹೆಸರು. ಮೂವತ್ತೊಂದು ಅಂತಲೂ ಕರೆಯಲಾಗದು. ಅಡುಗೆಯಾಕೆ ತಾನೇ ಹೆತ್ತು ಕಳೆದುಕೊಂಡ ಒಂದು ಕೂಸಿಗೆ ಇಡಬೇಕೆಂದಿದ್ದ ಹೆಸರೋ, ತನ್ನ ತಾಯಿಯದೋ, ನೀವು ಕಂಡುಕೊಳ್ಳಬೇಕು. ಆ ಹೆಸರು ಸಿಕ್ಕ ದಿನ ಮೊದಲ ಅಧ್ಯಾಯದಿಂದ ಮತ್ತೆ ಬರೆಯಲು ಕೂತುಕೊಳ್ಳಿ. ಮುಗಿದ ಮೇಲೆ ಕಳಿಸಿ, ಓದುತ್ತೇನೆ.